ಉಂಡ್ಯಾ ಅಂತ ಕೇಳದ ಆಸ್ಪತ್ರೆ

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಬರುವ ಮಾತು 'ಉಂಡ್ರಾ?' ಎಂಬುದು. ದಾರಿಯಲ್ಲಿ, ಸಂತೆಯಲ್ಲಿ, ಬಸ್ಸಿಳಿದ ಜಾಗದಲ್ಲಿ, ಎಲ್ಲಾ ಕಡೆ ಇದೇ. ಈ ಮಾತಿನೊಳಗೆ ಎಷ್ಟು ಕಪಟ ಇದೆ ಎಂಬುದು ಕೇರಿಯವರಿಗೆ ಗೊತ್ತು. ಜಗಲಿ ಮೇಲೆ ಕೂತ ಗೌಡ 'ಉಂಡ್ಯೇನ್ಲಾ' ಅಂತಾನೆ. ಇಲ್ಲ ಅಂದರೆ ಒಳಕ್ಕೆ ಕರೆದು ಎಲೆ ಹಾಕ್ತಾನಾ? ಹಿತ್ತಲ ಮೂಲೆಯಲ್ಲಿ ಕೂರಿಸಿ ಮೇಲಿನಿಂದ ಸುರಿದಾನು, ಅಷ್ಟೆ. ಆದರೂ ಮಾತು ಉಳಿದಿದೆ. ಮನುಷ್ಯನನ್ನು ಕಂಡಾಗ ಮೊದಲು ವಿಚಾರಿಸಬೇಕಾದ್ದು ಅವನ ಹೊಟ್ಟೆಯನ್ನು ಎಂಬ ತಿಳಿವಳಿಕೆ ನಮ್ಮ ಭಾಷೆಯೊಳಗಾದರೂ ಉಳಿದುಕೊಂಡಿದೆ.

ಈ ಮಾತನ್ನು ಯಾರೂ ಆಡದ ಒಂದು ಜಾಗ ಇದೆ. ಅದು ಆಸ್ಪತ್ರೆ. ಅಲ್ಲಿ ಬೇರೆ ಎಲ್ಲಾ ಕೇಳ್ತಾರೆ. ಹೆಸರೇನು, ಗಂಡನ ಹೆಸರೇನು, ಯಾವೂರು, ಆಧಾರ್ ತಂದಿದ್ದೀಯಾ, ಎಸ್.ಸಿ.ನಾ. ಕೆಮ್ಮು ಎಷ್ಟು ದಿನದಿಂದ, ಕಫದಲ್ಲಿ ರಕ್ತ ಬಿದ್ದಿದೆಯಾ, ಬೀಡಿ ಸೇದ್ತೀಯಾ, ಕುಡೀತೀಯಾ. ಬೀಡಿ ಹೆಂಡದ ಲೆಕ್ಕ ಕೇಳುವ ಬಾಯಿ ಮುದ್ದೆ ಸಾರಿನ ಲೆಕ್ಕ ಕೇಳುವುದಿಲ್ಲ. ನೆನ್ನೆ ರಾತ್ರಿ ಒಲೆ ಹಚ್ಚಿದ್ದೆಯಾ, ಇವತ್ತು ಇಲ್ಲಿಗೆ ಬಂದಿದ್ದಕ್ಕೆ ಎಷ್ಟು ಕೂಲಿ ಹೋಯ್ತು, ಬಸ್ ಚಾರ್ಜಿಗೆ ಯಾರ ಹತ್ತಿರ ಕೈಯೊಡ್ಡಿದೆ, ಮಲಗುವ ಮನೆಗೆ ಕಿಟಕಿ ಇದೆಯಾ — ಈ ಪ್ರಶ್ನೆಗಳಿಗೆ ಆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಕಡೆಗೆ ಡಾಕ್ಟರು ಚೀಟಿ ಬರೀತಾರೆ. ಚೀಟಿಯಲ್ಲಿ ಗುಳಿಗೆಯ ಹೆಸರು, ಹೊತ್ತಿಗೆ ಎಷ್ಟು ಎಂಬ ಲೆಕ್ಕ. ಬರೆದು ಮುಗಿಸಿ ಪೆನ್ನು ಜೇಬಿಗೆ ಸಿಕ್ಕಿಸುತ್ತಾ ಬಾಯಲ್ಲಿ ಹೇಳ್ತಾರೆ: 'ಚೆನ್ನಾಗಿ ಊಟ ಮಾಡಮ್ಮ. ಹಾಲು, ಮೊಟ್ಟೆ, ಬೇಳೆ, ಹಣ್ಣು ತಗೋ. ಭಾರದ ಕೆಲಸ ಬೇಡ. ಹೊಗೇಲಿ ಕೂರಬೇಡ.' ಗಮನಿಸಿ ಗೆಳೆಯರೆ. ಚೀಟಿಯಲ್ಲಿ ಬರೆದದ್ದನ್ನು ಸರ್ಕಾರ ಕೊಡುತ್ತದೆ. ಬಾಯಲ್ಲಿ ಹೇಳಿದ್ದನ್ನು ರೋಗಿಯೇ ತಂದುಕೊಳ್ಳಬೇಕು. ಎರಡೂ ಬೇಕು ಅಂತ ಹೇಳುವವರು ಅದೇ ಡಾಕ್ಟರು, ಓದಿದ್ದು ಅದೇ ಪುಸ್ತಕ. ಆದರೆ ಒಂದು ಚಿಕಿತ್ಸೆಯಾಗುತ್ತದೆ, ಇನ್ನೊಂದು ಬುದ್ಧಿಮಾತಾಗುತ್ತದೆ. ಈ ಗೆರೆ ಎಳೆದವರು ಯಾರು? ರೋಗವಂತೂ ಎಳೆದಿಲ್ಲ. ಕ್ರಿಮಿಗೆ ಆರೋಗ್ಯ ಇಲಾಖೆ ಯಾವುದು, ಆಹಾರ ಇಲಾಖೆ ಯಾವುದು ಎಂಬ ಭೇದ ತಿಳಿಯದು.

ಇದನ್ನು ಕರುಣೆಯ ಪ್ರಶ್ನೆ ಅಂದುಕೊಂಡವರು ಬಹಳ. ಒಳ್ಳೆಯ ಡಾಕ್ಟರು ಇದ್ದಾರೆ, ಜೇಬಿನಿಂದ ನೂರು ರೂಪಾಯಿ ತೆಗೆದು ಕೊಟ್ಟು ಕಳಿಸುತ್ತಾರೆ. ಅಂಥವರಿಗೆ ನಾವು ಕೈ ಮುಗಿಯುತ್ತೇವೆ. ಆದರೆ ನಾವು ಕೇಳುತ್ತಿರುವುದು ಬೇರೆ. ರೋಗಿಯ ಹೊಟ್ಟೆ, ಕೂಲಿ, ಮನೆ, ನೀರು ಇವನ್ನು ವಿಚಾರಿಸಿ ಅದಕ್ಕೊಂದು ದಾರಿ ಮಾಡುವುದು ವೈದ್ಯನ ಕಸುಬಿನೊಳಗಿನ ಕೆಲಸ. ಅದರಾಚೆಯ ಪುಣ್ಯದ ಕೆಲಸ ಅಲ್ಲ. ಅದನ್ನು ಬಿಟ್ಟು ಕೊಟ್ಟ ಔಷಧಿ ಅರ್ಧ ಔಷಧಿ. ಅರ್ಧ ಕೊಟ್ಟು ಪೂರ್ತಿ ಕೊಟ್ಟೆವು ಎಂದು ರಿಜಿಸ್ಟರಿಗೆ ಹತ್ತಿಸುವುದು ಸುಳ್ಳು. ಮಹಾಡಿನ ಚವದಾರ ಕೆರೆ ಎಲ್ಲರಿಗೂ ತೆರೆದಿದೆ ಅಂತ ಅಲ್ಲಿನ ಮುನಿಸಿಪಾಲಿಟಿ 1924ರಲ್ಲೇ ಠರಾವು ಮಾಡಿತ್ತು. ಕಾಗದದ ಮೇಲೆ ನೀರಿತ್ತು, ಬೊಗಸೆಗೆ ಇರಲಿಲ್ಲ. ಅದಕ್ಕೇ 1927ರಲ್ಲಿ ಬಾಬಾಸಾಹೇಬರು ಕೆರೆಗೆ ಇಳಿಯಬೇಕಾಯ್ತು. ಖಾಲಿ ಹೊಟ್ಟೆಯವನಿಗೆ ಕೊಟ್ಟ ಉಚಿತ ಗುಳಿಗೆಯೂ ಅಂಥದೇ ಠರಾವು.

ಕ್ಷಯದ ವಿಚಾರವನ್ನೇ ತಗೊಳ್ಳೋಣ. ಹಳೆಯ ವೈದ್ಯಗ್ರಂಥಗಳು ಇದನ್ನು ರಾಜಯಕ್ಷ್ಮ ಅಂದವು. ಚಂದ್ರನಿಗೆ ಬಂದ ರೋಗ ಅಂತ ಕತೆ ಕಟ್ಟಿದವು. ಯಾವ ರಾಜ, ಯಾವ ಚಂದ್ರ! ಇವತ್ತು ಅದು ಇಟ್ಟಿಗೆ ಗೂಡಿನವರ, ಕಲ್ಲುಕ್ವಾರಿಯವರ, ಬೀಡಿ ಕಟ್ಟುವವರ, ಒಂದೇ ಕೋಣೆಯಲ್ಲಿ ಆರು ಜನ ಮಲಗುವವರ ರೋಗ. ಈ ದೇಶದಲ್ಲಿ ಕ್ಷಯ ತಲೆಯೆತ್ತಲು ಎಡೆ ಮಾಡಿಕೊಡುವ ಕಾರಣಗಳಲ್ಲಿ ಅಪೌಷ್ಟಿಕತೆಯೇ ದೊಡ್ಡದು ಎಂಬುದನ್ನು ಈಗ ಸರ್ಕಾರವೂ ಅಲ್ಲ ಅನ್ನುವುದಿಲ್ಲ. ಕ್ರಿಮಿ ಬಹಳ ಜನರ ಎದೆಯಲ್ಲಿ ಸೇರಿಕೊಂಡು ಸುಮ್ಮನೆ ಇರುತ್ತದೆ. ಉಂಡವನ ಮೈ ಅದನ್ನು ಅದುಮಿ ಇಟ್ಟಿರುತ್ತದೆ. ಉಣ್ಣದವನ ಮೈಗೆ ಆ ಶಕ್ತಿ ಎಲ್ಲಿಂದ ಬರಬೇಕು?

ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರಲ್ಲ, ಮಂತ್ರ ತಾಯಿತ ಅಂತ ಅಲೀತಾರೆ — ಇದು ಹಳೆಯ ಆರೋಪ. ಇದಕ್ಕೆ ಉತ್ತರ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಂದಲೇ ಬಂದಿದೆ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಮತ್ತು ದೇಬಬರ್ ಬ್ಯಾನರ್ಜಿ ಎಂಬಿಬ್ಬರು ಅಲ್ಲಿ ಸಮೀಕ್ಷೆ ಮಾಡಿ 1963ರಲ್ಲಿ ಪ್ರಕಟಿಸಿದರು. ಅವರು ಕಂಡದ್ದೇನು? ಕ್ಷಯ ಇದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಇಂಗ್ಲಿಷ್ ಔಷಧಿಯ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಬಂದಿದ್ದರು. ಆಸ್ಪತ್ರೆ ಅವರಿಗೆ ಒಂದು ಶೀಸೆ ಕೆಮ್ಮಿನ ಔಷಧಿ ಕೊಟ್ಟು ಮನೆಗೆ ಕಳಿಸಿತ್ತು. ಅಂದರೆ ತಿಳಿವಳಿಕೆ ಇಲ್ಲದ್ದು ಯಾರಿಗೆ? ಅರವತ್ತು ವರ್ಷ ಆದ ಮೇಲೂ ಈ ಮಾತನ್ನು ನಮ್ಮ ಮೇಷ್ಟ್ರುಗಳು ತರಗತಿಯಲ್ಲಿ ಹೇಳಬೇಕು. ಪಠ್ಯದಲ್ಲಿ ಮಾತ್ರ ಇನ್ನೂ 'ಗ್ರಾಮೀಣರ ಅಜ್ಞಾನ' ಎಂಬ ಪಾಠವೇ ನಡೆಯುತ್ತಿದೆ.

ಇನ್ನೊಂದು ಅಧ್ಯಯನ ಮದರಾಸಿನದು. ಅದನ್ನು ಬಿಟ್ಟು ಮುಂದೆ ಹೋದರೆ ನಮ್ಮ ವಾದ ಪ್ರಾಮಾಣಿಕ ಆಗುವುದಿಲ್ಲ, ಯಾಕಂದರೆ ಅದು ಮೇಲ್ನೋಟಕ್ಕೆ ನಮಗೆ ವಿರುದ್ಧವಾಗಿದೆ. ಆ ಕಾಲದಲ್ಲಿ ಕ್ಷಯ ಬಂದವರಿಗೆ ಸ್ಯಾನಟೋರಿಯಂ, ಬೆಟ್ಟದ ಗಾಳಿ, ಹಾಲು ಮೊಟ್ಟೆಯ ಊಟ, ಹಾಸಿಗೆ ಮೇಲೆ ವಿಶ್ರಾಂತಿ ಎಂಬ ಪದ್ಧತಿ ಇತ್ತು. ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರ ಕೆಲವರನ್ನು ಸ್ಯಾನಟೋರಿಯಂನಲ್ಲಿ ಇಟ್ಟು, ಕೆಲವರನ್ನು ಅವರವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದೇ ಗುಳಿಗೆ ಕೊಟ್ಟು ನೋಡಿತು. 1959ರಲ್ಲಿ ಬಂದ ಫಲಿತಾಂಶ: ಒಂದು ವರ್ಷದ ಕೊನೆಗೆ ಇಬ್ಬರೂ ಹೆಚ್ಚುಕಮ್ಮಿ ಒಂದೇ ಸಮ ಗುಣವಾಗಿದ್ದರು. ಮನೆಯಲ್ಲಿದ್ದವರ ಊಟ ಕಳಪೆಯಾಗಿದ್ದರೂ! ಇದು ದೊಡ್ಡ ಬಿಡುಗಡೆ. ಬಡವ ಹೆಂಡತಿ ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ಬೆಟ್ಟದ ಮೇಲೆ ಕೂರಬೇಕಾಗಿಲ್ಲ, ಊರಲ್ಲೇ ಗುಳಿಗೆ ತಿಂದು ಬದುಕಬಹುದು ಅಂತಾಯ್ತು. ಲಕ್ಷಾಂತರ ಜನ ಹಾಗೆ ಬದುಕಿದ್ದಾರೆ.

ಆದರೆ ಈ ಒಳ್ಳೆಯ ಸುದ್ದಿಯಿಂದ ಸರ್ಕಾರಗಳು ಎತ್ತಿಕೊಂಡ ಪಾಠ ಬೇರೆ. ಊಟ ಚಿಕಿತ್ಸೆಯಲ್ಲ, ಗುಳಿಗೆ ಸಾಕು ಅಂದುಕೊಂಡವು. ಕ್ರಿಮಿ ಸಾಯುತ್ತದಾ ಎಂಬುದು ಒಂದು ಪ್ರಶ್ನೆ. ಈ ಕ್ರಿಮಿ ಈ ಮನೆಯನ್ನೇ ಯಾಕೆ ಹುಡುಕಿಕೊಂಡು ಬಂತು, ನಾಳೆ ಇದೇ ಮನೆಯ ಮಗಳಿಗೂ ಬರುತ್ತದಾ, ಮೂವತ್ತೈದು ಕಿಲೋ ತೂಗುವ ಹೆಂಗಸು ಆರು ತಿಂಗಳು ಗುಳಿಗೆ ನುಂಗಿಕೊಂಡು ಕಳೆ ಕೀಳುವುದು ಹ್ಯಾಗೆ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಹಚ್ಚಿ ಅರವತ್ತು ವರ್ಷ ಸುಮ್ಮನೆ ಕೂತರು.

ಕೇರಿಯಲ್ಲಿ ಈ ಗುಳಿಗೆ ತಿಂದವರನ್ನು ಕೇಳಿ ನೋಡಿ, ಅವರು ಮೊದಲು ಹೇಳುವುದು ಇದನ್ನೇ: 'ತಿಂಗಳು ಕಳೀತಿದ್ದಂಗೆ ಹಸಿವು ಸುರುವಾಗುತ್ತೆ ಕಣ್ರಣ್ಣ, ತಡೆಯಕ್ಕೆ ಆಗಲ್ಲ.' ರೋಗ ತಗ್ಗುತ್ತಿದ್ದ ಹಾಗೆ ಸತ್ತುಹೋಗಿದ್ದ ಹಸಿವು ತಿರುಗಿ ಬರುತ್ತದೆ. ಇದು ಗುಣವಾಗುವ ಲಕ್ಷಣ. ಉಳ್ಳವರ ಮನೆಯಲ್ಲಿ ಇದು ಸಂತೋಷದ ಸುದ್ದಿ, 'ಈಗ ಎರಡು ಚಪಾತಿ ಜಾಸ್ತಿ ತಿಂತಾನೆ' ಅಂತ ತಾಯಿ ನೆಂಟರಿಗೆ ಹೇಳಿಕೊಳ್ತಾಳೆ. ಕೂಲಿಯವನ ಮನೆಯಲ್ಲಿ ಅದೇ ಹಸಿವು ಹೊಸ ಕಾಯಿಲೆ. ರೋಗ ಇದ್ದಾಗ ಒಂದು ಮುದ್ದೆ ಸಾಕಿತ್ತು, ಈಗ ಎರಡು ಬೇಕು. ಎರಡನೆಯದು ಯಾರ ತಟ್ಟೆಯದು? ಮಕ್ಕಳದು. ಹಾಗಾಗಿ ಎಷ್ಟೋ ಗಂಡಸರು ಗುಳಿಗೆ ಬಿಡುತ್ತಾರೆ. ಎಷ್ಟೋ ಹೆಂಗಸರು ಗುಳಿಗೆ ನುಂಗಿ ಹಸಿವನ್ನೂ ನುಂಗುತ್ತಾರೆ. ಹಸಿವನ್ನು ಹುಟ್ಟಿಸುವ ಔಷಧಿ ಕೊಟ್ಟು ಅನ್ನ ಕೊಡದೆ ಕಳಿಸುವುದು ಯಾವ ಧರ್ಮ?

ಹೀಗೆ ಗುಳಿಗೆ ಬಿಟ್ಟವನಿಗೆ ರಿಜಿಸ್ಟರಿನಲ್ಲಿ ಒಂದು ಹೆಸರಿತ್ತು: ಡಿಫಾಲ್ಟರ್. ಸೊಸೈಟಿ ಸಾಲ ಕಟ್ಟದ ರೈತನಿಗೂ ಅದೇ ಹೆಸರು. ಅಂದರೆ ಸರ್ಕಾರ ಗುಳಿಗೆಯನ್ನು ಸಾಲ ಅಂತ ಕೊಟ್ಟಿತ್ತೋ ಏನೋ! 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ನಮ್ಮ ಕಡೆಯ ಆಸ್ಪತ್ರೆ ನೌಕರರ ನಾಲಗೆ ಅದನ್ನು ಇನ್ನೂ ಬಿಟ್ಟಿಲ್ಲ.

ಈಗ ಜಾರ್ಖಂಡಿನ ಸಂಗತಿ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು 2019ರಿಂದ ಅಲ್ಲಿ ಒಂದು ಪ್ರಯೋಗ ನಡೆಸಿದರು. ಆ ಹಳೆಯ ಮದರಾಸಿನ ಕೇಂದ್ರವೇ ಬೆಳೆದು ಆದ ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಜೊತೆಗಿತ್ತು ಎಂಬುದನ್ನು ಗಮನಿಸಬೇಕು. 2,800 ರೋಗಿಗಳು, ಅವರ ಮನೆಗಳ ಹತ್ತು ಸಾವಿರಕ್ಕೂ ಮೀರಿದ ಜನ. ಬಹುಪಾಲು ಆದಿವಾಸಿಗಳು. ರೋಗಿಗಳಲ್ಲಿ ಹತ್ತಕ್ಕೆ ಎಂಟು ಮಂದಿ ತೂಕ ಇಲ್ಲದವರು. ಎಲ್ಲ ರೋಗಿಗಳಿಗೂ ತಿಂಗಳಿಗೊಂದು ಆಹಾರದ ಮೂಟೆ — ಅಕ್ಕಿ, ಹುರಿದ ಕಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಕಡೆಗಳಲ್ಲಿ ಮನೆಯ ಉಳಿದವರಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಫಲಿತಾಂಶ ಬಂತು. ಮನೆಯವರಿಗೂ ಊಟ ಕೊಟ್ಟ ಕಡೆ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಇನ್ನೊಬ್ಬರಿಗೆ ಹರಡುವಂಥ ಶ್ವಾಸಕೋಶದ ಕ್ಷಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದವರಿಗೆ ಸಾವಿನ ಭಯ ನೂರಕ್ಕೆ 61ರಷ್ಟು ಕಡಿಮೆ ಇತ್ತು.

ಅಕ್ಕಿ ಬೇಳೆಗೆ ಇಷ್ಟು ಶಕ್ತಿ ಇದೆ ಅಂತ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಬೇಕಾಯ್ತು. ನಮ್ಮ ಅಜ್ಜಿಯರು ಪುಕ್ಕಟೆಯಾಗಿ ಹೇಳುತ್ತಿದ್ದರು. ಹೋಲಿಕೆಗೋಸ್ಕರ ಅರ್ಧ ಮನೆಗಳ ಮಕ್ಕಳಿಗೆ ಆ ಬೇಳೆ ಸಿಗಲಿಲ್ಲ ಎಂಬುದು ನೆನೆದರೆ ಹೊಟ್ಟೆ ಚುರುಗುಟ್ಟುತ್ತದೆ. ಈ ವಿಷಯದಲ್ಲಿ ನಮ್ಮ ಜಗಳ ಸಂಶೋಧಕರ ಜೊತೆ ಅಲ್ಲ. ಅವರು ಸಾಬೀತು ಮಾಡಿ ತೋರಿಸದಿದ್ದರೆ ಯಾವ ಸರ್ಕಾರವೂ ನಂಬುತ್ತಿರಲಿಲ್ಲ. ಉಣ್ಣದವನಿಗೆ ಊಟ ಬೇಕು ಎಂಬುದಕ್ಕೂ ಪುರಾವೆ ಕೇಳುವ ರಾಜ್ಯದ ಜೊತೆ ನಮ್ಮ ಜಗಳ. ಈ ಪ್ರಯೋಗದಲ್ಲಿ ನಮಗೆ ಬಹಳ ಮುಖ್ಯ ಅನ್ನಿಸಿದ್ದು ಮನೆಮಂದಿಗೆಲ್ಲ ಕೊಟ್ಟದ್ದು. ಒಬ್ಬಳ ಹೆಸರಿನ ಅಕ್ಕಿ ಅವಳೊಬ್ಬಳ ತಟ್ಟೆಯಲ್ಲಿ ಉಳಿಯುವುದಿಲ್ಲ. ಎಲ್ಲರಿಗೂ ಬಡಿಸಿ ತಳ ಕೆರೆದು ಉಣ್ಣುವವಳೇ ರೋಗಿಯಾಗಿದ್ದರೆ ಆ ಮೂಟೆಯಲ್ಲಿ ಅವಳ ಪಾಲಿಗೆ ಬರುವುದು ಎಷ್ಟು?

ಸರ್ಕಾರ ಏನೂ ಮಾಡಿಲ್ಲ ಅನ್ನಲಾಗದು. 2018ರ ಏಪ್ರಿಲ್‌ನಿಂದ ಕ್ಷಯರೋಗಿಗೆ ಚಿಕಿತ್ಸೆ ಮುಗಿಯುವ ತನಕ ತಿಂಗಳಿಗೆ 500 ರೂಪಾಯಿ ಅಂತಾಯ್ತು. ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. 2024ರ ನವೆಂಬರಿನಿಂದ ಅದು 1,000 ಆಗಿದೆ, ದಿನಕ್ಕೆ ಮೂವತ್ತಮೂರು. ಬ್ಯಾಂಕಿನ ಖಾತೆ ಬೇಕು, ಆಧಾರ್ ಜೋಡಿಸಿರಬೇಕು. ಚಿಕಿತ್ಸೆ ಮುಗಿದ ಮೇಲೆ ದುಡ್ಡು ಬಂದವರೂ ಇದ್ದಾರೆ. ಆದರೂ ಇದು ಒಂದು ಒಪ್ಪಿಗೆ. ಊಟವೂ ಚಿಕಿತ್ಸೆಯ ಭಾಗ ಅಂತ ರಾಜ್ಯ ತನ್ನ ಕೈಯಾರೆ ಬರೆದುಕೊಟ್ಟ ಹಾಗಾಯ್ತು. ಅದನ್ನು ನಾವು ಬಿಡಬಾರದು.

ಆದರೆ 2022ರಲ್ಲಿ ಇನ್ನೊಂದು ದಾರಿ ತೆರೆದರು. ದಾನಿಗಳು ರೋಗಿಗಳನ್ನು 'ದತ್ತು' ತಗೊಂಡು ಆಹಾರದ ಕಿಟ್ ಕೊಡಬಹುದು, ಅವರಿಗೆ 'ನಿಕ್ಷಯ ಮಿತ್ರ' ಎಂಬ ಹೆಸರು. ಕಿಟ್ ಕೊಡುವ ಫೋಟೋಗಳು ಪೇಪರಿನಲ್ಲಿ ಬರುತ್ತವೆ. ಒಂದು ಕಡೆ ಹಾರ ಹಾಕಿದವರು ನಾಲ್ಕೈದು ಜನ, ಇನ್ನೊಂದು ಕಡೆ ಮುಖಕ್ಕೆ ಮಾಸ್ಕ್ ಹಾಕಿ ತಲೆ ತಗ್ಗಿಸಿ ನಿಂತವನೊಬ್ಬ. ಕಿಟ್ ತಗೊಂಡವನನ್ನು ನಾವು ಹೀಯಾಳಿಸುವುದಿಲ್ಲ, ಬೇಳೆ ಬೇಳೆಯೇ. ಆದರೆ ಐವತ್ತು ವರ್ಷದ ಗಂಡಸನ್ನು ದತ್ತು ತಗೊಳ್ಳುವುದು ಅಂದ್ರೇನು? ಅವನೇನು ತಬ್ಬಲಿ ಕೂಸಾ? ಅವನು ಕಟ್ಟಿದ ಗೋಡೆಯೊಳಗೆ ಆ ದಾನಿಗಳು ವಾಸ ಮಾಡ್ತಿದ್ದಾರೆ, ಅವನು ಬಗೆದ ಚರಂಡಿಯಲ್ಲಿ ಅವರ ಹೊಲಸು ಹರಿಯುತ್ತಿದೆ. ಲೆಕ್ಕ ಹಾಕಿದರೆ ಯಾರು ಯಾರನ್ನು ಸಾಕಿದ್ದು? ಹಕ್ಕಾಗಬೇಕಾದ್ದು ದಾನವಾದಾಗ ಅನ್ನದ ಜೊತೆಗೆ ಹಂಗೂ ಬರುತ್ತದೆ. ಜೀತದ ಮನೆಯ ಮಕ್ಕಳಾದ ನಮಗೆ ಹಂಗಿನ ರುಚಿ ಹೊಸದಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಹಸಿದವನು ಬಂದರೆ ಬೇಳೆ ಇಲ್ಲ. ರಕ್ತ ಕೆಮ್ಮುತ್ತಾ ಬಂದರೆ ಬೇಳೆ ಇದೆ. ಗುಣವಾದ ಕೂಡಲೇ ಬೇಳೆ ನಿಂತುಹೋಗುತ್ತದೆ. ಹಾಗಾದರೆ ರೋಗವೇ ಅನ್ನದ ಅರ್ಹತಾ ಪತ್ರವಾಯ್ತಲ್ಲ! ಆಸ್ಪತ್ರೆ ರೋಗಿಯ ಊಟ ವಿಚಾರಿಸಬೇಕು ಅನ್ನುವ ನಾವೇ ಈ ತಿರುಗುಮುರುಗನ್ನು ಎದುರಿಸಬೇಕು. ಹಸಿವನ್ನು ಕಾಯಿಲೆಯ ಪಟ್ಟಿಗೆ ಸೇರಿಸಿ ಡಾಕ್ಟರ ಕೈಗೆ ಕೊಟ್ಟುಬಿಟ್ಟರೆ, ಹಸಿವು ಯಾಕೆ ಬಂತು ಎಂಬ ಪ್ರಶ್ನೆ ಔಷಧಿ ಶೀಸೆಯೊಳಗೆ ಮುಚ್ಚಿಹೋಗುವ ಅಪಾಯ ಇದೆ. ಈ ಅಪಾಯಕ್ಕೆ ಹೆದರಿ ಕೇಳುವುದನ್ನೇ ಬಿಡಬೇಕಾ? ಬೇಡ. ಯಾಕೆ ಬೇಡ ಎಂಬುದಕ್ಕೆ ದೂರದ ಒಂದು ಊರಿನ ಕತೆ ಹೇಳಬೇಕು.

1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು ಹೊತ್ತು ಎಂಬುದು ನಮಗೆಲ್ಲ ಗೊತ್ತು. ಕರಿಯ ಪ್ಯಾಂಥರರ ಬಂದೂಕು ನಮಗೆ ನೆನಪಿದೆ. 1969ರಲ್ಲಿ ಅವರು ಶಾಲೆ ಮಕ್ಕಳಿಗೆ ಬೆಳಗಿನ ತಿಂಡಿ ಹಾಕಲು ಶುರು ಮಾಡಿದ್ದು, ತಮ್ಮದೇ ಉಚಿತ ಆಸ್ಪತ್ರೆಗಳನ್ನು ನಡೆಸಿದ್ದು ಅಷ್ಟು ನೆನಪಿಲ್ಲ. ಅದೇ ದಶಕದಲ್ಲಿ ಮಿಸಿಸಿಪಿ ರಾಜ್ಯದ ಹತ್ತಿ ಸೀಮೆಯಲ್ಲಿ, ಬೊಲಿವರ್ ಕೌಂಟಿಯಲ್ಲಿ, ಮೌಂಡ್ ಬೇಯೂ ಎಂಬ ಪುಟ್ಟ ಊರಿನಲ್ಲಿ ಒಂದು ಆರೋಗ್ಯ ಕೇಂದ್ರ ಬಂತು. ಗುಲಾಮಗಿರಿಯಿಂದ ಬಿಡುಗಡೆಯಾದವರು 1887ರಲ್ಲಿ ತಾವೇ ಕಟ್ಟಿಕೊಂಡ ಊರದು. ಸುತ್ತಲಿನ ಹೊಲಗಳಲ್ಲಿ ಹತ್ತಿ ಬಿಡಿಸುವ ಯಂತ್ರ ಬಂದು ಕರಿಯ ಕೂಲಿಗಳ ಕೈಗೆ ಕೆಲಸ ಇಲ್ಲದಂತಾಗಿತ್ತು. ಜ್ಯಾಕ್ ಗೈಗರ್ ಎಂಬ ಬಿಳಿಯ ಡಾಕ್ಟರು, ಜಾನ್ ಹ್ಯಾಚ್ ಎಂಬ ಕರಿಯ ಸಂಘಟಕ ಅಲ್ಲಿ ಮುಂದಾಳುಗಳು. ಗೈಗರ್ ಓದುವ ಕಾಲದಲ್ಲೇ ದಕ್ಷಿಣ ಆಫ್ರಿಕದ ಫೊಲೇಲಾ ಎಂಬಲ್ಲಿಗೆ ಹೋಗಿ, 1940ರಿಂದ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿಗಳು ಕರಿಯರ ನಡುವೆ ಕಟ್ಟಿದ್ದ ಕೇಂದ್ರವನ್ನು ನೋಡಿ ಬಂದಿದ್ದವರು. ಅಲ್ಲಿ ಕೈತೋಟವೂ ಚಿಕಿತ್ಸೆಯೇ ಆಗಿತ್ತು.

ಮೌಂಡ್ ಬೇಯೂಗೆ ಬರುತ್ತಿದ್ದ ಮಕ್ಕಳಿಗೆ ಬೇಧಿ, ಸೋಂಕು, ಮೂಳೆ ಚಕ್ಕಳದ ಮೈ. ಅಲ್ಲಿನ ಡಾಕ್ಟರುಗಳು ಔಷಧಿ ಚೀಟಿಯ ಮೇಲೆ ಹಾಲು, ಮಾಂಸ, ತರಕಾರಿ ಅಂತ ಬರೆದರು. ಬಾಯಲ್ಲಿ ಹೇಳಲಿಲ್ಲ, ಬರೆದರು. ಅಂಗಡಿಯವನು ಚೀಟಿ ನೋಡಿ ಸಾಮಾನು ಕೊಟ್ಟು ಬಿಲ್ಲನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿದ, ಕೇಂದ್ರ ಅದನ್ನು ಔಷಧಿಯ ಖರ್ಚಿಗೆ ಹಾಕಿತು. ದುಡ್ಡು ಕೊಡುತ್ತಿದ್ದ ಸರ್ಕಾರಿ ಅಧಿಕಾರಿಗಳು ಕೆಂಡವಾದರು: ಔಷಧಿಯ ದುಡ್ಡು ಔಷಧಿಗೆ ಮಾತ್ರ! ಅಪೌಷ್ಟಿಕತೆಗೆ ನಮ್ಮ ಪುಸ್ತಕದಲ್ಲಿ ಹೇಳಿರುವ ಔಷಧಿ ಊಟವೇ ಎಂಬುದು ಗೈಗರ್ ಕೊಟ್ಟ ಉತ್ತರದ ಸಾರ. ಅಧಿಕಾರಿಗಳ ಬಾಯಿ ಕಟ್ಟಿತು.

ಆದರೆ ಆ ಜನ ಅಲ್ಲಿಗೆ ನಿಲ್ಲಲಿಲ್ಲ, ನಮಗೆ ಬೇಕಾದ್ದು ಈ ಮಾತು. ಊರೂರಿಗೆ ಆರೋಗ್ಯ ಸಂಘ ಕಟ್ಟಿದರು. ಬಾವಿ ತೋಡಿದರು, ಕಕ್ಕಸು ಕಟ್ಟಿದರು, ಸೋರುವ ಮನೆ ರಿಪೇರಿ ಮಾಡಿದರು. ಎಷ್ಟು ದಿನ ಅಂಗಡಿಗೆ ಚೀಟಿ ಬರೆಯುವುದು ಅಂತ ನೂರಾರು ಎಕರೆ ನೆಲ ಹಿಡಿದು ಸಹಕಾರಿ ಬೇಸಾಯಕ್ಕೆ ಇಳಿದರು. ಬಿಳಿಯ ಧಣಿಗೆ ಹತ್ತಿ ಬೆಳೆದು ಸವೆದ ಕೈಗಳು ತಮ್ಮ ಮಕ್ಕಳಿಗೆ ಕಾಳು, ಸೊಪ್ಪು ಬೆಳೆದವು. ಅಂದರೆ ಚೀಟಿಯ ಮೇಲೆ ಬಿದ್ದ 'ಊಟ' ಎಂಬ ಪದ ನೆಲದ ತನಕ ಎಳೆದುಕೊಂಡು ಹೋಯ್ತು. ಹಸಿವಿನ ಕಾರಣ ಶೀಸೆಯೊಳಗೆ ಮುಚ್ಚಿಹೋಗಲಿಲ್ಲ, ಶೀಸೆ ಒಡೆದು ಹೊರಗೆ ಬಂತು. ಸಂಘಟನೆ ಇದ್ದ ಕಡೆ ಹಾಗಾಗುತ್ತದೆ. ಇಲ್ಲದ ಕಡೆ ಕಿಟ್ ಮತ್ತು ಫೋಟೋ ಉಳಿಯುತ್ತದೆ.

'ಇದೆಲ್ಲ ತೇಪೆ ಕೆಲಸ, ವ್ಯವಸ್ಥೆ ಬದಲಾಗದೆ ಏನೂ ಆಗಲ್ಲ' ಅನ್ನುವ ನಮ್ಮ ಸಂಗಾತಿಗಳಿಗೆ ಇದೇ ನಮ್ಮ ಉತ್ತರ. ವ್ಯವಸ್ಥೆ ಬದಲಾಗುವ ತನಕ ಕಾಯಿರಿ ಅಂತ ಮೂವತ್ತೈದು ಕಿಲೋದ ಹೆಂಗಸಿಗೆ ಹೇಳುವ ಅಧಿಕಾರ ನಮಗೆ ಯಾರು ಕೊಟ್ಟರು? 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರ ನಿಂತರು. ತಾಯಿಗೆ ವಿಶ್ರಾಂತಿ ಸಿಗುವುದು ನಾಡಿನ ಹಿತ, ಅದರ ಹೊರೆಯನ್ನು ಸರ್ಕಾರ ಹೊರಬೇಕು ಅಂದರು. ಅದೇನು ಕ್ರಾಂತಿ ಅಲ್ಲ, ಕೆಲವು ವಾರಗಳ ಕೂಲಿ. ಆದರೆ 'ರೆಸ್ಟ್ ತಗೋ' ಎಂಬ ಬಾಯಿಮಾತನ್ನು ಕಾಸಿನ ಲೆಕ್ಕಕ್ಕೆ ಇಳಿಸಿದ್ದು ಆ ನಿಲುವು. ಕೂಲಿ ಕೊಡದೆ ವಿಶ್ರಾಂತಿ ಹೇಳುವ ಡಾಕ್ಟರು ಅದನ್ನು ಓದಬೇಕು.

ಊಟ ಅಂದರೆ ಯಾವ ಊಟ ಎಂಬುದೂ ಇದೆ. ಕೇರಿಯಲ್ಲಿ ಕಡಿಮೆ ಕಾಸಿಗೆ ಸಿಗುತ್ತಿದ್ದ ಮೈ ಹಿಡಿಯುವ ಆಹಾರ ದನದ ಮಾಂಸ. ಕೆಮ್ಮಿದವರಿಗೆ ಅದರ ಸಾರು ಕಾಯಿಸಿ ಕುಡಿಸಿದ ತಾಯಂದಿರು ನಮ್ಮವರು. 2020-21ರಲ್ಲಿ ಈ ರಾಜ್ಯದಲ್ಲಿ ಗೋಹತ್ಯೆ ಕಾನೂನು ಬಿಗಿಯಾಯ್ತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ಬೇಡ ಅಂದರು. ಮಕ್ಕಳು ಬೇಕು ಅಂದರು. ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆ, ಜೀವನಮಟ್ಟ, ಸಾರ್ವಜನಿಕ ಆರೋಗ್ಯ ಈ ಮೂರನ್ನೂ ಒಟ್ಟಿಗೆ ಸೇರಿಸಿ ಅವನ್ನು ಮೇಲೆತ್ತುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಒಂದು ಅನ್ನುತ್ತದೆ. ಅದರ ಪಕ್ಕದ್ದೇ 48ನೇ ವಿಧಿ, ಹಸು ಕರುಗಳದ್ದು. ಎರಡೂ ಒಂದೇ ಪುಟದಲ್ಲಿವೆ. ಒಂದರ ಹೆಸರಲ್ಲಿ ಪೊಲೀಸು, ಚೆಕ್‌ಪೋಸ್ಟು, ಜೈಲು. ಇನ್ನೊಂದರ ಹೆಸರಲ್ಲಿ ತಿಂಗಳಿಗೆ ಸಾವಿರ ರೂಪಾಯಿ.

ಡಾಕ್ಟರ ಅಳಲೂ ಇದೆ. ದಿನಕ್ಕೆ ನೂರು ಜನ ನೋಡುವವನು ಒಬ್ಬೊಬ್ಬರ ಒಲೆ ವಿಚಾರಿಸುವುದು ಹ್ಯಾಗೆ ಅಂತಾರೆ. ನ್ಯಾಯವೇ. ಆದರೆ ಈಗ ಆ ಕೆಲಸ ಯಾರ ತಲೆ ಮೇಲೆ ಬಿದ್ದಿದೆ ನೋಡಿ. ಮನೆ ಮನೆ ಸುತ್ತಿ, ಗುಳಿಗೆ ನುಂಗಿದ್ರಾ ಅಂತ ಕೇಳಿ, ಬ್ಯಾಂಕಿನ ಪಾಸ್‌ಬುಕ್ ಹುಡುಕಿಸಿ, ಕಡೆಗೆ ತನ್ನ ಮನೆಯಿಂದಲೇ ಒಂದು ಸೇರು ರಾಗಿ ಹಿಟ್ಟು ತಂದುಕೊಡುವವಳು ಆಶಾ ಕಾರ್ಯಕರ್ತೆ. ಅವಳಿಗೆ ಸಂಬಳ ಇಲ್ಲ, ಗೌರವಧನ. ಅವಳ ಹಸಿವನ್ನು ಕೇಳಲು ಇನ್ನೊಬ್ಬಳು ಆಶಾ ಬೇಕು. ಈ ಕೇಳುವ ಕೆಲಸಕ್ಕೆ ಸಂಬಳದ ಹುದ್ದೆ ಬೇಕು, ಆಸ್ಪತ್ರೆಯಲ್ಲಿ ಕುರ್ಚಿ ಬೇಕು.

ಕೇಳುವ ರೀತಿಯ ಬಗ್ಗೆ ಒಂದು ಮಾತು. ಸಾಲಿನಲ್ಲಿ ನಿಂತ ಊರವರ ಎದುರಿಗೆ 'ಏನಮ್ಮಾ, ಮನೇಲಿ ಊಟಕ್ಕೆ ಇದೆಯಾ' ಅಂತ ಕೂಗಿ ಕೇಳಿದರೆ ಯಾರು ಇಲ್ಲ ಅಂತಾರೆ? ಕೇರಿಯವಳು ಹಸಿದು ಸತ್ತಾಳು, ಮೇಲ್ಕೇರಿಯವಳ ಮುಂದೆ ಇಲ್ಲ ಅನ್ನಲಾರಳು. ಕೇಳಿ ಬರೆದುಕೊಂಡು ಏನೂ ಕೊಡದಿದ್ದರೆ ಅದು ಇನ್ನೂ ಹೀನ. ನಮ್ಮ ಬಡತನವನ್ನು ಬರೆದುಕೊಂಡು ಹೋದ ಸಮೀಕ್ಷೆಗಳು ಎಷ್ಟಾದವು! ಕೊಡುವ ದಾರಿ ಇಟ್ಟುಕೊಂಡು, ಬಾಗಿಲು ಮುಂದೆ ಮಾಡಿ, ಕೂರಿಸಿ, ಮುಟ್ಟಿ ನಾಡಿ ನೋಡಿ ಕೇಳಬೇಕು. ನಮ್ಮವರ ಮೈ ಮುಟ್ಟಲು ಹಿಂಜರಿಯುವ ಕೈಗಳು ಆಸ್ಪತ್ರೆಗಳಲ್ಲಿ ಇನ್ನೂ ಇವೆ, ಆದ್ದರಿಂದ ಇದನ್ನು ಬಾಯಿ ಬಿಟ್ಟು ಹೇಳಬೇಕಾಗಿದೆ. 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ರೋಗಿಗಳ ಆರೈಕೆ ಮಾಡುತ್ತಲೇ ಆ ರೋಗ ತಗುಲಿ ತೀರಿಕೊಂಡರು.

ಈಗ ನಮ್ಮ ತಾಲೂಕುಗಳಲ್ಲಿ ಮಾಡಬೇಕಾದ್ದು. ಯಾರಾದರೂ ಕ್ಷಯಕ್ಕೆ, ರಕ್ತಹೀನತೆಗೆ, ಬಾಣಂತಿತನಕ್ಕೆ ಆಸ್ಪತ್ರೆಗೆ ಹೋದಾಗ ಅವರು ಒಪ್ಪಿದರೆ ನಮ್ಮಲ್ಲೊಬ್ಬರು ಜೊತೆಗೆ ಹೋಗಬೇಕು. ಡಾಕ್ಟರು ಬಾಯಲ್ಲಿ ಹೇಳುವುದನ್ನು 'ಇದನ್ನೂ ಚೀಟೀಲಿ ಬರೀರಿ ಸಾರ್' ಅಂತ ವಿನಯದಿಂದ ಕೇಳಬೇಕು. ಇಷ್ಟು ಬೇಳೆ, ಇಷ್ಟು ಮೊಟ್ಟೆ, ಇಷ್ಟು ದಿನ ಕೂಲಿಗೆ ಹೋಗಬಾರದು, ಮನೆಗೆ ಗಾಳಿ ಬೇಕು. ಬರೆದು ಸಹಿ ಹಾಕಿದರೆ ಅದು ಸಾಕ್ಷಿ. ಸಹಿ ಹಾಕಲು ಹೆದರುವ ಡಾಕ್ಟರು ಇರ್ತಾರೆ, ಅವರ ಮೇಲೆ ರೇಗಬೇಡಿ, ಎರಡನೇ ಸಲ ಹೋಗಿ. ಚೀಟಿಯ ನಕಲನ್ನು ಅರ್ಜಿಯ ಜೊತೆ ತಹಶೀಲ್ದಾರರಿಗೆ, ಆಹಾರ ಇಲಾಖೆಗೆ, ಪಂಚಾಯ್ತಿಗೆ ಕೊಟ್ಟು ರಸೀದಿ ಪಡೆಯಬೇಕು. ನಮ್ಮಲ್ಲಿ ಇದಕ್ಕೆ ಅವಕಾಶ ಇಲ್ಲ ಅಂತ ಅವರು ಅಂದರೆ ಹಿಂಬರಹ ಕೊಡಿ ಅನ್ನಬೇಕು. ಇಲ್ಲ ಎಂಬುದನ್ನೂ ಅವರು ಬರೆದುಕೊಡಲಿ. ರೋಗಿಯ ಹೆಸರು ಬಿಟ್ಟು ಆ ಹಿಂಬರಹಗಳನ್ನು ಗ್ರಾಮಸಭೆಯಲ್ಲಿ ಒಂದೊಂದಾಗಿ ಓದಬೇಕು. ಓದಲು ಬರುವವರು ಇಲ್ಲದ ಹಟ್ಟಿಗಳಲ್ಲಿ ಅಲ್ಲಿನ ಶಾಲೆ ಮೇಷ್ಟ್ರು ಓದಲಿ.